ಸೀಲಿಂಗ್ ಸೋರಿದಾಗ ಏನು ಮಾಡಬೇಕು?



ಒಂದು ರಾತ್ರಿ ಮೇಲಿನ ಮನೆಯ ವಾಷಿಂಗ್ ಮೆಷಿನ್ ಪೈಪ್ ಕಳಚಿ, ಟಾಲಾದ ನಮ್ಮ ಫ್ಲ್ಯಾಟಿನ ಹಾಲ್‌ನಲ್ಲಿ ನೀರು ಸುರಿಯಿತು. ಗಾಬರಿಯಲ್ಲಿ ಒದ್ದೆ ಕಾರ್ಪೆಟ್ ಎಸೆದುಬಿಟ್ಟೆ. ಫೋಟೋ ಇಲ್ಲವೆಂದು ಪರಿಹಾರವೂ ಸಿಗಲಿಲ್ಲ. ನಾನು ಕಲಿತ ಪಾಠ ಇಷ್ಟು:

1. ಮೇಲಿನವರಿಗೆ ಹೇಳಿ ಸ್ಟಾಪ್‌ಕಾಕ್ ಮುಚ್ಚಿಸಿ. ಒದ್ದೆ ಸ್ವಿಚ್ ಮುಟ್ಟಬೇಡಿ.

2. ಏನನ್ನೂ ಎಸೆಯುವ ಮುನ್ನ ಫೋಟೋ ತೆಗೆಯಿರಿ. ಅಂದೇ ಮ್ಯಾನೇಜಿಂಗ್ ಏಜೆಂಟರಿಗೆ, ಬಾಡಿಗೆದಾರರಾದರೆ ಮನೆ ಮಾಲೀಕರಿಗೆ, ಈಮೇಲ್ ಕಳಿಸಿ.

3. ಗೋಡೆ, ಸೀಲಿಂಗ್ ಸಾಮಾನ್ಯವಾಗಿ ಕಟ್ಟಡದ ಬ್ಲಾಕ್ ಇನ್ಶೂರೆನ್ಸ್‌ಗೆ ಸೇರುತ್ತವೆ. ಸೋಫಾ, ಟಿವಿಗೆ ನಿಮ್ಮದೇ ಕಂಟೆಂಟ್ಸ್ ಇನ್ಶೂರೆನ್ಸ್ ಬೇಕು.

4. ಗೋಡೆ ಪೂರ್ತಿ ಒಣಗದೆ ಬಣ್ಣ ಹಚ್ಚಿದರೆ ಬೂಷ್ಟು ಹಿಡಿಯುತ್ತದೆ.

2011ರ ಮಲ್ಟಿ-ಯೂನಿಟ್ ಡೆವಲಪ್‌ಮೆಂಟ್ಸ್ ಕಾಯ್ದೆಯಂತೆ ಫ್ಲ್ಯಾಟ್ ಮಾಲೀಕರೇ ನಿರ್ವಹಣಾ ಕಂಪನಿಯ ಸದಸ್ಯರು. ವಾರ್ಷಿಕ ಸಭೆಗೆ ತಪ್ಪದೆ ಹೋಗಿ. ನೀರು ಸೋರಿದರೆ ಇನ್ಶೂರೆನ್ಸ್‌ಗೆ ಮುಂಚೆ ನಾವು ಭರಿಸಬೇಕಾದ ಎಕ್ಸೆಸ್ ಎಷ್ಟು, ಅದನ್ನು ಯಾರು ಕೊಡಬೇಕು ಎಂದು ಕೇಳಿಕೊಳ್ಳಿ.