ಯಾರು ಕಂಡರು, ಏನು ಹೇಳಿದರು? ಮ್ಯಾಕ್‌ಬೆತ್ ನಾಟಕದ ಮಾಟಗಾತಿಯರನ್ನು ಎರಡು ಸಲ ಪಾಠ ಮಾಡಿದ ಅನುಭವ

ನನ್ನ ಬೋಧನಾ ವಿಷಯಗಳು ಭೌತಶಾಸ್ತ್ರ ಮತ್ತು ಗಣಿತ. ‘ಪಠ್ಯಕ್ರಮದಾದ್ಯಂತ ಭಾಷೆ’ ಪತ್ರಿಕೆಯ ಚಟುವಟಿಕೆಗಾಗಿ ಪ್ರತಿಯೊಬ್ಬ ಪ್ರಶಿಕ್ಷಣಾರ್ಥಿಯೂ ತನ್ನದಲ್ಲದ ವಿಷಯದಲ್ಲಿ ಒಂದು ಪಾಠ ಮಾಡಬೇಕಿತ್ತು. ನಾನು ಒಂಬತ್ತನೆಯ ತರಗತಿಗೆ ಶೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ ಆರಿಸಿಕೊಂಡೆ. ಮಾಟಗಾತಿಯರು, ಪ್ರೇತ, ಗಾಳಿಯಲ್ಲಿ ತೇಲುವ ಕಠಾರಿ ಇವೆಲ್ಲ ಇರುವುದರಿಂದ ವೈಜ್ಞಾನಿಕ ಮನೋಭಾವ ಬೆಳೆಸುವ ಉದ್ದೇಶವನ್ನೂ ಪಾಠಯೋಜನೆಯಲ್ಲಿ ಸೇರಿಸಬಹುದೆಂದು ಲೆಕ್ಕ ಹಾಕಿದ್ದೆ.

ಮೊದಲ ಪಾಠ ಕೆಟ್ಟಿತು. ಪೀಠಿಕೆಗೆ ನಾನು ಕೇಳಿದ ಪ್ರಶ್ನೆ, “ನಿಮ್ಮಲ್ಲಿ ದೆವ್ವ ನೋಡಿದವರು ಯಾರು?” ನಲವತ್ತು ನಿಮಿಷದ ಅವಧಿಯಲ್ಲಿ ಹದಿನೈದು ನಿಮಿಷ ಹುಣಸೆ ಮರ, ಹಳೇ ಬಾವಿ, ರಾತ್ರಿ ಬಸ್ಸು ಇವುಗಳಿಗೇ ಹೋಯಿತು. ಹುಡುಗರ ಉತ್ಸಾಹ ಕಂಡು ಪ್ರೇರಣೆ ಚೆನ್ನಾಗಿ ಸಿಕ್ಕಿತೆಂದೇ ಭಾವಿಸಿದ್ದೆ. ಅಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗನೊಬ್ಬ, “ಮಿಸ್, ಇವಳ ಅಜ್ಜೀನೇ ಮಾಟ ಮಾಡ್ತಾರೆ” ಎಂದು ಮುಂದಿನ ಸಾಲಿನ ಹುಡುಗಿಯನ್ನು ತೋರಿಸಿದ. ತರಗತಿ ನಕ್ಕಿತು. ಸಮಯ ಮೀರುತ್ತಿದ್ದುದರಿಂದ ನಾನು “ಸರಿ, ಸರಿ” ಎಂದು ಕೊಕ್ಕೆ ಮೂಗಿನ ಮುದುಕಿಯರ ಚಾರ್ಟನ್ನು ತೂಗುಹಾಕಿ ಕಥೆ ಶುರು ಮಾಡಿದೆ. ಹುಡುಗಿ ಅವಧಿ ಮುಗಿಯುವವರೆಗೂ ತಲೆ ಎತ್ತಲಿಲ್ಲ.

ಕೊನೆಯಲ್ಲಿ ನಾನು ಕೊಟ್ಟ ತೀರ್ಮಾನ ಹೀಗಿತ್ತು: ಮಾಟಗಾತಿಯರು ನಿಜವಲ್ಲ, ಅವರು ಮ್ಯಾಕ್‌ಬೆತ್‌ನ ಮನಸ್ಸಿನ ಭ್ರಮೆ. ಹಿಂದೆ ಕುಳಿತು ವೀಕ್ಷಿಸುತ್ತಿದ್ದ ಇಂಗ್ಲಿಷ್ ಮೇಡಂ ವೀಕ್ಷಣಾ ಪುಸ್ತಕದಲ್ಲಿ ಒಂದೇ ಸಾಲು ಬರೆದಿದ್ದರು: “ಭ್ರಮೆಯಾದರೆ ಬ್ಯಾಂಕೋಗೆ ಹೇಗೆ ಕಂಡರು?”

ಆ ಸಾಲಿನಿಂದ ನಾನು ನಾಟಕವನ್ನು ಮತ್ತೆ ಓದಬೇಕಾಯಿತು. ಈ ಸಲ ಮಕ್ಕಳಿಗೆಂದು ಸಂಕ್ಷೇಪಿಸಿದ ಗದ್ಯಕಥೆಯನ್ನು ಬದಿಗಿಟ್ಟು ಮೂಲವನ್ನೇ ಹಿಡಿದೆ. ಪ್ರಯೋಗಶಾಲೆಯ ಅಭ್ಯಾಸದಂತೆ ಒಂದು ಕೋಷ್ಟಕ ಹಾಕಿಕೊಂಡೆ: ಕಂಡದ್ದು ಏನು, ಕಂಡವರು ಯಾರು, ಕಾಣದವರು ಯಾರು. ಬಯಲಿನಲ್ಲಿ ಎದುರಾಗುವ ಮೂವರನ್ನು ಮ್ಯಾಕ್‌ಬೆತ್ ಮತ್ತು ಬ್ಯಾಂಕೋ ಇಬ್ಬರೂ ನೋಡುತ್ತಾರೆ, ಮಾತನಾಡಿಸುತ್ತಾರೆ. ಕಠಾರಿ ಮ್ಯಾಕ್‌ಬೆತ್‌ಗೆ ಮಾತ್ರ ಕಾಣುತ್ತದೆ. ಅದು ಕಾದ ಮಿದುಳಿನ ಸೃಷ್ಟಿಯಿರಬಹುದೇ ಎಂದು ಅವನೇ ಅನುಮಾನಿಸುತ್ತಾನೆ, ಪ್ರೇಕ್ಷಕರಿಗೆ ಕಾಣುವುದು ಬರಿಯ ಗಾಳಿ. ಔತಣದಲ್ಲಿ ಬರುವ ಬ್ಯಾಂಕೋನ ಪ್ರೇತದ್ದು ಇನ್ನೊಂದು ಬಗೆ. ಹೆಂಡತಿಗೂ ಅತಿಥಿಗಳಿಗೂ ಅದು ಕಾಣುವುದಿಲ್ಲ. ಆದರೆ 1623ರ ಮುದ್ರಿತ ಪಠ್ಯದ ರಂಗಸೂಚನೆಯಲ್ಲಿ ಪ್ರೇತ ಒಳಬಂದು ಮ್ಯಾಕ್‌ಬೆತ್‌ನ ಆಸನದಲ್ಲಿ ಕೂರುತ್ತದೆ ಎಂದಿದೆ, ಅಂದರೆ ನಮಗೆ ಕಾಣುತ್ತದೆ. ನಾಲ್ಕನೆಯ ಅಂಕದಲ್ಲಿ ಮಾಟಗಾತಿಯರು ಮಾಯವಾದ ಮೇಲೆ ಒಳಬರುವ ಲೆನಾಕ್ಸ್‌ನನ್ನು ಮ್ಯಾಕ್‌ಬೆತ್ ಕೇಳುತ್ತಾನೆ. ಅವನು ಯಾರನ್ನೂ ಕಂಡಿಲ್ಲ. ಕಡೆಗೆ ಲೇಡಿ ಮ್ಯಾಕ್‌ಬೆತ್‌ಳ ಕೈಯ ರಕ್ತದ ಕಲೆ ಅವಳೊಬ್ಬಳಿಗೇ ಕಾಣುವಂಥದು. ಅಲ್ಲಿ ಮಾಟವೂ ಇಲ್ಲ, ಪ್ರೇತವೂ ಇಲ್ಲ. ನಿದ್ದೆಯಲ್ಲಿ ನಡೆಯುವ ಹೆಂಗಸು, ಪಕ್ಕದಲ್ಲಿ ನಿಂತ ವೈದ್ಯ, ಅಷ್ಟೇ.

ಕೋಷ್ಟಕ ತುಂಬಿದ ಮೇಲೆ ‘ಎಲ್ಲವೂ ಭ್ರಮೆ’ ಎಂಬ ನನ್ನ ತೀರ್ಮಾನ ನಿಲ್ಲಲಿಲ್ಲ. ‘ಎಲ್ಲವೂ ಮಾಟಗಾತಿಯರ ಕೆಲಸ’ ಎನ್ನುವುದೂ ನಿಲ್ಲುವುದಿಲ್ಲ. ಇದಕ್ಕೆ ಇನ್ನೊಂದು ಪ್ರಶ್ನೆ ಬೇಕು: ಅವರು ನಿಖರವಾಗಿ ಏನು ಹೇಳಿದರು? ಮೂರು ಪದವಿಗಳಿಂದ ಮ್ಯಾಕ್‌ಬೆತ್‌ನನ್ನು ಸಂಬೋಧಿಸಿದರು. ಗ್ಲಾಮಿಸ್‌ನ ಥೇನ್, ಅಂದರೆ ನಮ್ಮ ಪಾಳೆಯಗಾರನಂಥ ಪದವಿ, ತಂದೆಯ ಸಾವಿನಿಂದ ಅವನಿಗೆ ಆಗಲೇ ಬಂದಿತ್ತು. ಕಾಡರ್‌ನ ಪದವಿಯನ್ನು ರಾಜ ಡಂಕನ್ ಹಿಂದಿನ ದೃಶ್ಯದಲ್ಲೇ ಅವನಿಗೆ ಕೊಟ್ಟಾಗಿದೆ, ಅವನಿಗೆ ಸುದ್ದಿ ತಲುಪಿಲ್ಲ ಅಷ್ಟೇ. ನಿಜವಾಗಿ ಭವಿಷ್ಯದ ಮಾತು ಮೂರನೆಯದೊಂದೇ, ರಾಜನಾಗುವೆ ಎನ್ನುವುದು. ಹೇಗೆ, ಯಾವಾಗ ಎಂಬುದಿಲ್ಲ. ಕೊಲ್ಲು ಎಂಬುದು ಎಲ್ಲಿಯೂ ಇಲ್ಲ. ಎರಡು ಮಾತು ನಿಜವಾದವೆಂದು ಮೂರನೆಯದನ್ನು ತಾನೇ ನಿಜ ಮಾಡಲು ಹೊರಡುವವನು ಮ್ಯಾಕ್‌ಬೆತ್. ಸಣ್ಣ ಸಂಗತಿಗಳಲ್ಲಿ ನಿಜ ಹೇಳಿ ದೊಡ್ಡದರಲ್ಲಿ ಕೈಕೊಡುವುದು ಕತ್ತಲೆಯ ಶಕ್ತಿಗಳ ರೀತಿ ಎಂದು ಬ್ಯಾಂಕೋ ಅಲ್ಲೇ ಎಚ್ಚರಿಸುತ್ತಾನೆ.

ಅವರ ಶಕ್ತಿಯ ಮಿತಿಯನ್ನೂ ಅವರ ಬಾಯಿಂದಲೇ ಕೇಳಬಹುದು. ಮ್ಯಾಕ್‌ಬೆತ್ ಬರುವುದಕ್ಕೆ ಸ್ವಲ್ಪ ಮೊದಲು ಮೊದಲನೆಯ ಮಾಟಗಾತಿ ತನ್ನ ಕಥೆ ಹೇಳುತ್ತಾಳೆ. ನಾವಿಕನೊಬ್ಬನ ಹೆಂಡತಿ ಮಡಿಲ ತುಂಬ ಚೆಸ್ಟ್‌ನಟ್ ಇಟ್ಟುಕೊಂಡು ತಿನ್ನುತ್ತಿದ್ದಳು. (ತರಗತಿಯಲ್ಲಿ ‘ಸುಟ್ಟ ಹಲಸಿನ ಬೀಜ ಅಂದುಕೊಳ್ಳಿ’ ಎಂದೆ.) ಇವಳು ಕೇಳಿದಳು, ಆಕೆ ಕೊಡದೆ, ಮಾಟಗಾತಿ ಎಂದು ಬೈದು ಅಟ್ಟಿದಳು. ಸೇಡಿಗೆ ಇವಳು ಅಲೆಪ್ಪೊಗೆ ಹೋಗಿರುವ ಆ ಗಂಡನ ಹಡಗಿನ ಮೇಲೆ ಬಿರುಗಾಳಿ ಬಿಡುತ್ತಾಳಂತೆ, ಅವನ ನಿದ್ದೆ ಕೆಡಿಸುತ್ತಾಳಂತೆ. ಆದರೆ ಹಡಗನ್ನು ಮುಳುಗಿಸಲು ತನ್ನಿಂದಾಗದು ಎಂದು ತಾನೇ ಒಪ್ಪುತ್ತಾಳೆ. ಮ್ಯಾಕ್‌ಬೆತ್‌ಗೆ ಮುಂದೆ ಆಗುವುದೂ ಹೆಚ್ಚುಕಡಿಮೆ ಇದೇ. ಅವನ ನಿದ್ದೆ ಹೋಗುತ್ತದೆ. ಹಡಗನ್ನು ಮುಳುಗಿಸುವವನು ಅವನೇ.

ಈ ಭಾಗ ಓದುವಾಗ ಮುಂದಿನ ಸಾಲಿನ ಹುಡುಗಿ ನೆನಪಾದಳು. ನಾಟಕ ಬರೆದದ್ದು 1606ರ ಸುಮಾರಿಗೆ. ಆಗ ಇಂಗ್ಲೆಂಡಿನ ಸಿಂಹಾಸನದಲ್ಲಿದ್ದ ಒಂದನೆಯ ಜೇಮ್ಸ್ ಸ್ಕಾಟ್ಲೆಂಡಿನ ರಾಜನೂ ಆಗಿದ್ದು, 1597ರಲ್ಲಿ ಮಾಟದ ಬಗ್ಗೆ ಪುಸ್ತಕವನ್ನೇ ಬರೆದಿದ್ದ. 1590ರಲ್ಲಿ ಡೆನ್ಮಾರ್ಕಿನಿಂದ ಮದುವಣಗಿತ್ತಿಯೊಡನೆ ಮರಳುವಾಗ ಎದ್ದ ಬಿರುಗಾಳಿಗೆ ಮಾಟವೇ ಕಾರಣವೆಂದು ನಾರ್ತ್ ಬೆರ್ವಿಕ್ ಊರಿನ ಹೆಸರಿನಲ್ಲಿ ವಿಚಾರಣೆಗಳು ನಡೆದವು. ಮಾಟಗಾತಿಯರು ಜರಡಿಯಲ್ಲಿ ಕುಳಿತು ಸಮುದ್ರಕ್ಕಿಳಿದರೆಂಬ ಆರೋಪ ಆಗಿನದು. ಶೇಕ್ಸ್‌ಪಿಯರನ ಮಾಟಗಾತಿಯೂ ಜರಡಿಯಲ್ಲೇ ಹೊರಡುತ್ತಾಳೆ. ಆಗ ಸಿಕ್ಕಿಬಿದ್ದವರಲ್ಲಿ ಆಗ್ನೆಸ್ ಸ್ಯಾಂಪ್ಸನ್ ಎಂಬಾಕೆ ಸೂಲಗಿತ್ತಿ, ಮದ್ದು ಕೊಡುವವಳು. ಚಿತ್ರಹಿಂಸೆ ಕೊಟ್ಟು ತಪ್ಪೊಪ್ಪಿಗೆ ಪಡೆದು 1591ರಲ್ಲಿ ಆಕೆಯನ್ನು ಕೊಂದರು.

ಮಾರನೆಯ ದಿನ ನಲ್ಲಿಯ ಹತ್ತಿರ ಹುಡುಗಿಯನ್ನು ಒಬ್ಬಳನ್ನೇ ಮಾತನಾಡಿಸಿದೆ. ನಿನ್ನೆ ನಾನು ಆ ಮಾತನ್ನು ಅಲ್ಲೇ ತಡೆಯಬೇಕಿತ್ತು, ತಪ್ಪಾಯಿತು ಎಂದೆ. “ಬಿಡಿ ಮಿಸ್” ಎಂದಳು. ಸ್ವಲ್ಪ ತಡೆದು, “ನಮ್ಮಜ್ಜಿ ಕಾಮಾಲೆಗೆ ಬೇರು ಕೊಡ್ತಾರೆ. ಪಕ್ಕದ್ಮನೆಯವರ ಕರು ಸತ್ತಾಗಿಂದ ಹಂಗಂತಾರೆ” ಎಂದಳು. ಅವಳ ಹೆಸರನ್ನಾಗಲಿ ಅಜ್ಜಿಯ ಮಾತನ್ನಾಗಲಿ ತರಗತಿಯಲ್ಲಿ ಎತ್ತಬಾರದೆಂದು ನಿರ್ಧರಿಸಿದೆ. ಅದನ್ನು ‘ಉದಾಹರಣೆ’ ಮಾಡಿದ್ದರೆ ಎರಡನೆಯ ಸಲ ನಗಿಸಿದಂತಾಗುತ್ತಿತ್ತು.

ಎರಡನೆಯ ಪಾಠಕ್ಕೆ ಚಾರ್ಟ್ ಒಯ್ಯಲಿಲ್ಲ. ದೆವ್ವದ ಪ್ರಶ್ನೆಯನ್ನೂ ಕೇಳಲಿಲ್ಲ. ಬಿ.ವಿ. ಕಾರಂತರು 1979ರಲ್ಲಿ ರಾಷ್ಟ್ರೀಯ ನಾಟಕ ಶಾಲೆಯ ರೆಪರ್ಟರಿಗಾಗಿ ಈ ನಾಟಕವನ್ನು ‘ಬರ್ನಂ ವನ’ ಎಂದು ಹಿಂದಿಯಲ್ಲಿ ಆಡಿಸಿದಾಗ ಯಕ್ಷಗಾನದ ರೀತಿಯನ್ನು ಬಳಸಿದ್ದು ಗೊತ್ತಿತ್ತು. ಅದನ್ನು ನೆನೆದು ಇಬ್ಬರು ಹುಡುಗರ ಕೈಗೆ ನನ್ನ ಶಾಲು ಕೊಟ್ಟು ತೆರೆ ಹಿಡಿಸಿದೆ. ತೆರೆಯ ಹಿಂದಿನಿಂದ ಮೂವರು ಮೂರು ಪದವಿ ಕೂಗಿದರು. ಬೇರೆ ವೇಷ ಬೇಕಾಗಲಿಲ್ಲ. ಆಮೇಲೆ ಕೋಷ್ಟಕವನ್ನು ಖಾಲಿಯಾಗಿ ಹಲಗೆಯ ಮೇಲೆ ಬರೆದು, ಗುಂಪಿಗೊಂದು ದೃಶ್ಯದ ಸರಳ ಕನ್ನಡ ರೂಪ ಕೊಟ್ಟು ತುಂಬಿಸಿದೆ. ಹಿಂದಿನ ಬೆಂಚಿನ ಅದೇ ಹುಡುಗ ಓದಿ ಮುಗಿಸಿ, “ಮಿಸ್, ಅವ್ರು ಕೊಲ್ಲು ಅಂತ ಹೇಳ್ಲೇ ಇಲ್ವಲ್ಲ!” ಎಂದ. ನಾನು ಹೇಳಬೇಕೆಂದಿದ್ದ ವಾಕ್ಯ ಅವನಿಂದಲೇ ಬಂತು. ನಾವಿಕನ ಹೆಂಡತಿಯ ದೃಶ್ಯ ಸಿಕ್ಕ ಗುಂಪಿನಲ್ಲಿ ಹುಡುಗಿಯಿದ್ದಳು. ನಾನು ಬೇಕೆಂದು ಕೊಟ್ಟದ್ದಲ್ಲ, ಚೀಟಿ ಎತ್ತಿದ್ದು. ಅವಳು ಎದ್ದು ನಿಂತು, “ಒಂದು ಹಿಡಿ ಕೊಟ್ಟಿದ್ರೆ ಏನಾಗ್ತಿತ್ತು ಮಿಸ್?” ಎಂದು ಕೇಳಿದಳು. ಉತ್ತರ ನನಗೆ ಹೊಳೆಯಲಿಲ್ಲ. ಹಲಗೆಯ ಮೂಲೆಯಲ್ಲಿ ಪ್ರಶ್ನೆಯನ್ನು ಹಾಗೇ ಬರೆದೆ. ಈ ಸಲ ಯಾರೂ ನಗಲಿಲ್ಲ.

ವಿಜ್ಞಾನದ ಹುಡುಗಿ ಎಂಬ ಜಂಬ ಮಾತ್ರ ಈ ಪಾಠದಲ್ಲೂ ಒಂದು ಕಡೆ ಎಡವಿತು. ಬ್ಯಾಂಕೋ ನಮ್ಮ ‘ನಿಯಂತ್ರಿತ ಮಾದರಿ’ ಎಂದು ವಿವರಿಸಿದ್ದೆ. ಅದೇ ಬಯಲು, ಅದೇ ಮಾಟಗಾತಿಯರು. ನಿನ್ನ ಸಂತಾನ ರಾಜರಾಗುತ್ತದೆ ಎಂದು ಅವನಿಗೂ ಹೇಳಿದರು. ಅವನು ಯಾರನ್ನೂ ಕೊಲ್ಲಲಿಲ್ಲ, ಆದ್ದರಿಂದ ಅಪರಾಧ ಮ್ಯಾಕ್‌ಬೆತ್‌ನದೇ. ಆಗ ಮೂರನೆಯ ಅಂಕದ ಚೀಟಿ ಹಿಡಿದಿದ್ದ ಹುಡುಗಿಯೊಬ್ಬಳು, ಮ್ಯಾಕ್‌ಬೆತ್ ಮೋಸ ಮಾಡಿ ರಾಜನಾದ ಎಂದು ಬ್ಯಾಂಕೋಗೆ ಅನುಮಾನ ಇದೆ, ತನ್ನ ಬಗ್ಗೆ ಹೇಳಿದ್ದೂ ನಿಜವಾಗಬಹುದೆಂಬ ಆಸೆಯಿಂದ ಸುಮ್ಮನಿದ್ದಾನೆ ಎಂದಳು. ಅವಳು ಹೇಳಿದ್ದು ಸರಿ. ಹಾಲಿನ್‌ಶೆಡ್‌ನ ಚರಿತ್ರೆಯಲ್ಲಿ ಬ್ಯಾಂಕೋ ಕೊಲೆಯ ಸಂಚಿನಲ್ಲೇ ಪಾಲುದಾರ. ಜೇಮ್ಸ್ ರಾಜ ತನ್ನನ್ನು ಬ್ಯಾಂಕೋನ ವಂಶದವನೆಂದು ಹೇಳಿಕೊಳ್ಳುತ್ತಿದ್ದುದರಿಂದ ಶೇಕ್ಸ್‌ಪಿಯರ್ ಅವನನ್ನು ಸಂಚಿನಿಂದ ಹೊರಗಿಟ್ಟಿರಬೇಕು, ಪೂರ್ತಿ ತೊಳೆದಂತೆ ಕಾಣುವುದಿಲ್ಲ. ಇದನ್ನು ಹೇಳಿ ಮುಗಿಸುವಷ್ಟರಲ್ಲಿ ಗಂಟೆ ಹೊಡೆಯಿತು. ಬರ್ನಂ ವನದ ಕೊಂಬೆಗಳು, ತಾಯಿಯ ಹೊಟ್ಟೆ ಸೀಳಿ ತೆಗೆದ ಮ್ಯಾಕ್‌ಡಫ್ ಇವು ಮೂರನೆಯ ಅವಧಿಗೆ ಉಳಿದವು. ‘ನಿಯಂತ್ರಿತ ಮಾದರಿ’ಯನ್ನು ಪಾಠಯೋಜನೆಯಿಂದ ಹೊಡೆದುಹಾಕಿದ್ದೇನೆ. ಹಲಗೆಯ ಮೂಲೆಯ ಪ್ರಶ್ನೆಯನ್ನು ಅಳಿಸಬೇಡಿ ಎಂದು ಮುಂದಿನ ಅವಧಿಯ ಸಮಾಜ ವಿಜ್ಞಾನದ ಸರ್‌ಗೆ ಹೇಳಿ ಬಂದೆ.