ಮಾಳಿಗೆ ಮೇಲಿನ ಡಿಷ್‌ಗೆ ಲೈಸೆನ್ಸ್ ಬೇಕೇ?

ಬಾಗಲವಾಡದ ರೈತರೊಬ್ಬರು ಕಳೆದ ವರ್ಷ ನನ್ನ ಕಚೇರಿಗೆ ಬಂದರು. ಊರೊಳಗಿನ ಮನೆಯಲ್ಲಿ ಇಂಟರ್ನೆಟ್ ಇದೆ, ಹೊಲದ ಹತ್ತಿರದ ಗೋದಾಮಿನಲ್ಲಿ ಇಲ್ಲ. ಎರಡೂ ಮಾಳಿಗೆಗಳ ಮೇಲೆ ಒಂದೊಂದು ಡಿಷ್ ಕೂರಿಸಿ, ಗೋದಾಮಿನ ಕ್ಯಾಮೆರಾವನ್ನು ಮನೆಯಿಂದಲೇ ನೋಡುವ ಏರ್ಪಾಟು. “ವಕೀಲ್ರೇ, ಇದಕ್ಕ ದಿಲ್ಲಿಯಿಂದ ಲೈಸೆನ್ಸ್ ತರಬೇಕಂತ ಹೇಳಿ ರೊಕ್ಕ ಇಸ್ಕೊಂಡಾರ್ರೀ, ಕಾಗದ ಇನ್ನೂ ಬಂದಿಲ್ಲ,” ಅಂದರು. ಬರುವುದೂ ಇಲ್ಲ. ಅಂಥ ಕಾಗದವೇ ಇಲ್ಲ.

2005ರ ಜನವರಿಯಲ್ಲೇ ಕೇಂದ್ರ ಸರ್ಕಾರ 2.4 ಗಿಗಾಹರ್ಟ್ಸ್ ತರಂಗಗಳನ್ನು ಲೈಸೆನ್ಸ್‌ನಿಂದ ಬಿಡಿಸಿತು. 5 ಗಿಗಾಹರ್ಟ್ಸ್ ಪಟ್ಟಿಯ ಹೆಚ್ಚಿನ ಭಾಗ ಮಾತ್ರ ಆಗ ನಾಲ್ಕು ಗೋಡೆಯೊಳಗಿನ ಬಳಕೆಗೆ ಸೀಮಿತವಾಗಿತ್ತು, ಅದೂ 200 ಮಿಲಿವಾಟ್‌ವರೆಗೆ. 2018ರ ಅಕ್ಟೋಬರ್‌ನ ಅಧಿಸೂಚನೆ ಈ ಪಟ್ಟಿಯಲ್ಲಿ ಒಟ್ಟು 605 ಮೆಗಾಹರ್ಟ್ಸ್ ಅನ್ನು ಹೊರಾಂಗಣಕ್ಕೂ ತೆರೆಯಿತು. ಇಷ್ಟು ವರ್ಷವಾದರೂ ಈ ಸುದ್ದಿಯನ್ನು ತಾಲ್ಲೂಕು ಮಟ್ಟದಲ್ಲಿ ಯಾರೂ ಜನರಿಗೆ ಮುಟ್ಟಿಸಲಿಲ್ಲ. ಮಧ್ಯವರ್ತಿಗಳ ವ್ಯಾಪಾರ ನಡೆಯುವುದೇ ಆ ಮೌನದ ಮೇಲೆ.

ಹಾಗಂತ ನಿಶ್ಚಿಂತೆಯಿಂದ ಕೂರಬೇಡಿ. ಲೈಸೆನ್ಸ್ ಬೇಡ ಎಂಬ ಮಾತು ಶಕ್ತಿಯ ಮಿತಿಯೊಳಗೆ ಇದ್ದವರಿಗೆ ಮಾತ್ರ. ನನ್ನ ಕಕ್ಷಿದಾರರು ಬೇಡದ ಕಾಗದಕ್ಕೆ ದುಡ್ಡು ಸುರಿದಿದ್ದರು, ಪಾಲಿಸಬೇಕಾದ ಮಿತಿಯನ್ನು ದಾಟಿ ಕೂತಿದ್ದರು. ಎರಡೂ ಅವರಿಗೆ ಗೊತ್ತಿರಲಿಲ್ಲ.

ಜನ ಸಿಕ್ಕಿಬೀಳುವುದು ಇಲ್ಲಿ. ಹೊರಗಿನ ಲಿಂಕ್‌ಗಳಿಗೆ ಹೆಚ್ಚಾಗಿ ಬಳಸುವ 5725ರಿಂದ 5875 ಮೆಗಾಹರ್ಟ್ಸ್‌ನಲ್ಲಿ ಮಿತಿ 4 ವಾಟ್, ಅಂದರೆ 36 ಡಿಬಿಎಂ. ಇಲ್ಲಿ ಲೆಕ್ಕಕ್ಕೆ ಬರುವುದು ಡಿಷ್‌ಗೆ ತರಂಗ ಕೊಡುವ ಯಂತ್ರದ ಶಕ್ತಿಯಷ್ಟೇ ಅಲ್ಲ. ಡಿಷ್ ತರಂಗವನ್ನು ಒಂದೇ ದಿಕ್ಕಿಗೆ ಒಟ್ಟುಮಾಡಿ ಎಷ್ಟು ಬಲಪಡಿಸುತ್ತದೋ ಅದನ್ನೂ ಡೆಸಿಬೆಲ್ ಲೆಕ್ಕದಲ್ಲಿ ಕೂಡಿಸಬೇಕು. ನಮ್ಮ ರೈತರ ಡಿಷ್‌ನ ಬಲ 23 ಡೆಸಿಬೆಲ್. ಕೂರಿಸಿದವನು ಯಂತ್ರವನ್ನು 27 ಡಿಬಿಎಂಗೆ ಇಟ್ಟಿದ್ದ. ಕೂಡಿದರೆ 50 ಡಿಬಿಎಂ, ಅಂದರೆ ಡಿಷ್ ನೋಡುವ ದಿಕ್ಕಿನಲ್ಲಿ 100 ವಾಟ್‌ಗೆ ಸಮ. ಮಿತಿಯ 25 ಪಟ್ಟು! ಆ ಡಿಷ್ ಇಟ್ಟುಕೊಂಡರೆ ಯಂತ್ರ 13ಕ್ಕೆ ಇಳಿಯಬೇಕಿತ್ತು. 5 ಗಿಗಾಹರ್ಟ್ಸ್‌ನ ನಡುವಿನ ಭಾಗಗಳಲ್ಲಿ ಮಿತಿ ಇನ್ನೂ ಕಡಿಮೆ.

ಯಂತ್ರ ತಾನಾಗಿ ತಡೆಯುವುದಿಲ್ಲವೇ? ತಡೆಯುತ್ತದೆ, ಸೆಟ್ಟಿಂಗ್‌ನಲ್ಲಿ ಸುಳ್ಳು ತುಂಬದಿದ್ದರೆ. ದೇಶದ ಜಾಗದಲ್ಲಿ ಬೇರೆ ದೇಶ, ಡಿಷ್ ಬಲದ ಜಾಗದಲ್ಲಿ ಸೊನ್ನೆ ಹಾಕಿ ಹೋಗುವವರಿದ್ದಾರೆ. ಸಿಗ್ನಲ್ ಚೆನ್ನಾಗಿ ಬಂತೆಂದು ನೀವು ಸಂತೋಷಪಡುತ್ತೀರಿ. ನಾಳೆ ತಪಾಸಣೆಗೆ ಬಂದವರು ಕೇಳುವುದು ಮಾಳಿಗೆ ಯಾರದು ಎಂದು.

ಆದ್ದರಿಂದ ಹಣ ಕೊಡುವ ಮೊದಲು ಜಿಎಸ್‌ಟಿ ಬಿಲ್ ಮತ್ತು ಯಂತ್ರದ ಇಟಿಎ, ಅಂದರೆ ಕೇಂದ್ರದ ಮಾದರಿ ಅನುಮೋದನೆಯ ಪ್ರತಿ ಕೇಳಿ. ದೇಶ ‘ಇಂಡಿಯಾ’ ಎಂದಿರುವ, ಶಕ್ತಿ ಮತ್ತು ಡಿಷ್ ಬಲ ಕಾಣುವ ಸೆಟ್ಟಿಂಗ್ ಪುಟದ ಫೋಟೊ ತೆಗೆದುಕೊಳ್ಳಿ. ಪಾಸ್‌ವರ್ಡ್ ನಿಮ್ಮ ಕೈಯಲ್ಲೇ ಇರಲಿ. ಕೊಡಲು ಒಲ್ಲೆ ಎನ್ನುವವನಿಗೆ ಕೆಲಸ ಕೊಡಬೇಡಿ.

ಪಕ್ಕದವರ ಡಿಷ್‌ನಿಂದ ನಿಮ್ಮ ಲಿಂಕ್ ಕೆಟ್ಟರೆ ಠಾಣೆಗೆ ಹೋಗಿ ಪ್ರಯೋಜನವಿಲ್ಲ. ಈ ತರಂಗ ಎಲ್ಲರದು, ಇದಕ್ಕೆ ಕಾನೂನಿನ ರಕ್ಷಣೆಯಿಲ್ಲ. ಲೈಸೆನ್ಸ್ ಪಡೆದ ಬಳಕೆದಾರರಿಗೆ ನಿಮ್ಮಿಂದ ಅಡ್ಡಿಯಾದರೆ ಮಾತ್ರ ನೀವೇ ನಿಲ್ಲಿಸಬೇಕು.

ಇನ್ನೊಂದು, ಇದು ಜೈಲಿನ ಮಾತು. ನಿಮ್ಮ ಕ್ಯಾಮೆರಾಕ್ಕೆ ಲಿಂಕ್ ಹಾಕುವುದು ಬೇರೆ, ಅದೇ ಡಿಷ್‌ನಿಂದ ಓಣಿಯವರಿಗೆಲ್ಲ ತಿಂಗಳ ಬಾಡಿಗೆಗೆ ಇಂಟರ್ನೆಟ್ ಹಂಚುವುದು ಬೇರೆ. ಅನುಮತಿಯಿಲ್ಲದೆ ದೂರಸಂಪರ್ಕ ಸೇವೆ ಕೊಟ್ಟರೆ 2023ರ ಕಾಯ್ದೆಯಲ್ಲಿ 3 ವರ್ಷದವರೆಗೆ ಸೆರೆ, 2 ಕೋಟಿ ರೂಪಾಯಿವರೆಗೆ ದಂಡವಿದೆ. ಕಿರಾಣಿ ಅಂಗಡಿಯವರು ವೈಫೈ ಮಾರಬೇಕೆಂದಿದ್ದರೆ 2020ರ ಡಿಸೆಂಬರ್‌ನಲ್ಲಿ ಮಂಜೂರಾದ ಪಿಎಂ-ವಾಣಿ ಯೋಜನೆಯ ದಾರಿಯಿದೆ. ನೋಂದಾಯಿತ ಸಂಸ್ಥೆಯ ಮೂಲಕ ನಡೆಸಿದರೆ ಅಂಗಡಿಗೆ ಲೈಸೆನ್ಸೂ ಇಲ್ಲ, ಶುಲ್ಕವೂ ಇಲ್ಲ.

ಅಧಿಕಾರಿ ಎಂದು ಹೇಳಿಕೊಂಡು ಯಾರಾದರೂ ಡಿಷ್ ಇಳಿಸಲು ಬಂದರೆ ಹೆದರಬೇಡಿ. ಶೋಧಿಸಿ ವಶಪಡಿಸಿಕೊಳ್ಳಲು ಕೇಂದ್ರ ಸರ್ಕಾರ ಅಧಿಕಾರ ಕೊಟ್ಟವರೇ ಆಗಬೇಕು. ಗುರುತಿನ ಚೀಟಿ, ಬರಹದ ಆದೇಶ ತೋರಿಸಲು ಹೇಳಿ. ಒಯ್ದದ್ದರ ಪಟ್ಟಿಯ ಪ್ರತಿ ಕೇಳಿ. ಕೈಗೆ ನಗದು ಕೊಡಬೇಡಿ. ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ 15100ಕ್ಕೆ ಫೋನ್ ಮಾಡಿ, ಕಾನೂನು ಸೇವಾ ಪ್ರಾಧಿಕಾರದ ನೆರವು ಕೇಳಿ.

ಬಾಗಲವಾಡದವರ ಯಂತ್ರವನ್ನು ಅದೇ ವಾರ 13ಕ್ಕೆ ಇಳಿಸಿದೆವು. ಕ್ಯಾಮೆರಾ ಮೊದಲಿನಂತೆಯೇ ಕಾಣುತ್ತಿದೆ. ಕೊಟ್ಟ ಹಣಕ್ಕೆ ರಸೀದಿ ಇರಲಿಲ್ಲ, ಫೋನಿನಲ್ಲಿ ಹಣ ಕಳಿಸಿದ ದಾಖಲೆ ಇತ್ತು. ಅದನ್ನಿಟ್ಟುಕೊಂಡೇ ಮಧ್ಯವರ್ತಿಗೆ ನೋಟಿಸ್ ಕಳಿಸಿದೆ. ಅರ್ಧ ಬಂದಿದೆ.