ತಾಯಿಯನ್ನು ಅಗಲಿದ ಕೂಸಿನ ಅಂಜಿಕೆ

ಏಳೆಂಟು ತಿಂಗಳ ತನಕ ಯಾರು ಎತ್ತಿಕೊಂಡರೂ ನಗುತ್ತಿದ್ದ ಕೂಸು ಒಂದು ದಿವಸ ನೆರೆಮನೆಯವಳು ಕೈಚಾಚಲು ತಾಯಿಯ ಹೆಗಲಲ್ಲಿ ಮುಖ ಹುದುಗಿಸಿ ಅಳುತ್ತದೆ. ತಾಯಿ ಕೊಡ ತೆಗೆದುಕೊಂಡು ಹೊಸ್ತಿಲು ದಾಟಿದರೆ ಸಾಕು, ಕೇರಿಗೆಲ್ಲಾ ಕೇಳುವ ಹಾಗೆ ಕೂಗಿಕೊಳ್ಳುತ್ತದೆ. ಆಗ ಹಿರಿಯರಲ್ಲಿ ಕೆಲವರು ದೃಷ್ಟಿ ತಾಕಿತೆಂದೂ, ಕೆಲವರು ತಾಯಿ ಮುದ್ದು ಮಾಡಿ ಕೆಡಿಸಿದಳೆಂದೂ ಹೇಳುವುದುಂಟು. ಎರಡೂ ಸರಿಯಲ್ಲ. ಇದು ರೋಗವಲ್ಲ, ಹಟವೂ ಅಲ್ಲ. ಹಲ್ಲು ಮೂಡುವ ಹಾಗೆ, ಅಂಬೆಗಾಲಿಡುವ ಹಾಗೆ, ತಕ್ಕ ಕಾಲಕ್ಕೆ ಬರತಕ್ಕದ್ದಾಗಿದೆ.

ಇದರ ಕಾರಣವನ್ನು ವಿಚಾರಿಸೋಣ. ಮೂರು ತಿಂಗಳ ಕೂಸಿಗೆ ಕಣ್ಣಿಗೆ ಕಾಣದ ವಸ್ತು ಇಲ್ಲದ್ದರಂತೆಯೇ. ಎಂಟನೆಯ ತಿಂಗಳ ಸುಮಾರಿಗೆ ಅದರ ಬುದ್ಧಿಗೆ ಹೊಸದೊಂದು ಬೆಳಕು ಬರುತ್ತದೆ: ಕಾಣದೆ ಹೋದ ತಾಯಿ ಎಲ್ಲಿಯೋ ಇದ್ದಾಳೆಂದು ತಿಳಿಯುತ್ತದೆ. ಆದರೆ ಆಕೆ ಯಾವಾಗ ಬರುವಳೆಂಬುದನ್ನು ಎಣಿಸುವ ಶಕ್ತಿ ಇನ್ನೂ ಬಂದಿರುವುದಿಲ್ಲ. ಗಳಿಗೆಯೂ ದಿವಸವೂ ಅದಕ್ಕೆ ಒಂದೇ. ಆದಕಾರಣ ಅಂಜುತ್ತದೆ. ಈ ಅಂಜಿಕೆಯು ಹತ್ತರಿಂದ ಹದಿನೆಂಟು ತಿಂಗಳೊಳಗೆ ಹೆಚ್ಚಾಗಿದ್ದು, ಮಾತು ಕಲಿತು ನೆನಪು ಬಲಿತ ಹಾಗೆ ಮೂರನೆಯ ವರುಷದ ಹೊತ್ತಿಗೆ ಬಹುಮಟ್ಟಿಗೆ ಇಳಿಯುತ್ತದೆ. ತಾಯಿ ಸೆರಗಿನಿಂದ ಮುಖ ಮುಚ್ಚಿಕೊಂಡು ಮತ್ತೆ ತೆರೆದು ನಗಿಸುವ ಆಟವು ಬರೀ ಆಟವಲ್ಲ. ಹೋದದ್ದು ತಿರಿಗಿ ಬರುತ್ತದೆಂಬ ಪಾಠವನ್ನು ಕೂಸು ಅದರಿಂದ ದಿನಕ್ಕೆ ಹತ್ತು ಸಾರಿ ಓದುತ್ತದೆ.

ಇದು ಪಟ್ಟಣದ ಮಕ್ಕಳಿಗೆ ಮಾತ್ರ ಬರುವುದೆಂದು ಯಾರೂ ನೆನಸಬಾರದು. ಮೇರಿ ಏನ್ಸ್‌ವರ್ತ್ ಎಂಬ ವಿದುಷಿಯು 1954 ಮತ್ತು 1955ರಲ್ಲಿ ಆಫ್ರಿಕದ ಉಗಾಂಡಾ ದೇಶದಲ್ಲಿ ಕಂಪಾಲಾ ಪಟ್ಟಣದ ಹತ್ತಿರದ ಹಳ್ಳಿಗಳಿಗೆ ಹೋಗಿ, 26 ಮನೆಗಳ ಕೂಸುಗಳನ್ನು ತಿಂಗಳುಗಟ್ಟಲೆ ನೋಡುತ್ತಾ ಬಂದಳು. ಆ ಹಳ್ಳಿಯ ಕೂಸುಗಳು ಸಹ ತಾಯಿ ಕಣ್ಮರೆಯಾದರೆ ಅಳುತ್ತಾ ಹಿಂಬಾಲಿಸಿದವು. ತಾಯಿ ಹತ್ತಿರ ಕೂತಿದ್ದರೆ ಧೈರ್ಯವಾಗಿ ದೂರ ಹರಿದು ಹೋಗಿ ಆಡಿಕೊಂಡು ತಿರಿಗಿ ಆಕೆಯ ಬಳಿಗೆ ಬಂದವು.

ಕೂಸು ಅತ್ತರೆ ನಮಗೆ ಬೇಸರ, ಸುಮ್ಮನಾದರೆ ಸಂತೋಷ. ಆದರೆ ಸುಮ್ಮನಾದ ಕೂಸೆಲ್ಲಾ ಸಮಾಧಾನ ಹೊಂದಿದ ಕೂಸಲ್ಲವೆಂದು ಲೋಕಕ್ಕೆ ತಿಳಿದುಬಂದದ್ದು ತಡವಾಗಿಯೇ. ಅದನ್ನು ತೋರಿಸಿಕೊಟ್ಟವರಲ್ಲಿ ಜೇಮ್ಸ್ ರಾಬರ್ಟ್‌ಸನ್ ಎಂಬ ಸ್ಕಾಟ್ಲೆಂಡಿನವನು ಒಬ್ಬನು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಲಂಡನಿನ ಹ್ಯಾಂಪ್‌ಸ್ಟೆಡ್ ಎಂಬಲ್ಲಿ ಆನಾ ಫ್ರಾಯ್ಡ್ ನಡಿಸುತ್ತಿದ್ದ ಶಿಶುಗೃಹದಲ್ಲಿ ಇವನು ಬಿಸಿನೀರಿನ ಒಲೆ ನೋಡಿಕೊಳ್ಳುವ ಆಳಾಗಿ ಸೇರಿದನು. ಅಲ್ಲಿ ಕೆಲಸ ಮಾಡುವವರೆಲ್ಲರೂ ಮಕ್ಕಳಲ್ಲಿ ಕಂಡದ್ದನ್ನು ಚೀಟಿಗಳ ಮೇಲೆ ಬರೆದಿಡಬೇಕೆಂಬ ನೇಮವಿತ್ತು. ಹೀಗೆ ಅವನು ನೋಡುವುದನ್ನು ಕಲಿತನು. ತರುವಾಯ 1948ರಿಂದ ಜಾನ್ ಬೌಲ್ಬಿ ಎಂಬ ವೈದ್ಯನೊಂದಿಗೆ ಆಸ್ಪತ್ರೆಗಳ ಮಕ್ಕಳನ್ನು ನೋಡತೊಡಗಿದನು. ಆ ಕಾಲದಲ್ಲಿ ಲಂಡನಿನ ಅನೇಕ ಆಸ್ಪತ್ರೆಗಳಲ್ಲಿ ತಂದೆತಾಯಿಗಳು ವಾರಕ್ಕೊಮ್ಮೆ ಸ್ವಲ್ಪ ಹೊತ್ತು ಮಾತ್ರ ಮಗುವನ್ನು ಕಾಣಬಹುದಾಗಿತ್ತು. ಕೆಲವು ಕಡೆ ಎಳೆಯ ಮಕ್ಕಳಿಗೆ ಅಷ್ಟೂ ಇರಲಿಲ್ಲ. ತಾಯಿ ಬಂದರೆ ಮಗು ಅಳುತ್ತದೆ, ಬಾರದಿದ್ದರೆ ಸುಮ್ಮನಿರುತ್ತದೆ, ಆದ್ದರಿಂದ ಬಾರದಿರುವುದೇ ಲೇಸೆಂಬುದು ದಾದಿಯರ ವಾದವಾಗಿತ್ತು.

ರಾಬರ್ಟ್‌ಸನ್ ಆ ಮೌನವನ್ನು ಬೇರೆ ತರದಲ್ಲಿ ಓದಿದನು. ಮೊದಲು ಮಗು ಕೂಗಿ, ಬಾಗಿಲ ಕಡೆ ನೋಡಿ, ತಾಯಿಯನ್ನು ಹುಡುಕುತ್ತದೆ. ಕೆಲವು ದಿವಸಗಳಾದ ಮೇಲೆ ಆಶೆ ಬಿಟ್ಟು, ಊಟ ಆಟಗಳಲ್ಲಿ ಮನಸ್ಸಿಲ್ಲದೆ ಸೊರಗುತ್ತದೆ. ಇನ್ನೂ ಬಹಳ ದಿವಸ ಕಳೆದರೆ ಮೂರನೆಯ ಅವಸ್ಥೆ ಬರುತ್ತದೆ: ಮಗು ಉಂಡು, ಆಡಿ, ಯಾರು ಕರೆದರೂ ಹೋಗುತ್ತದೆ, ತಾಯಿ ಬಂದು ನಿಂತಾಗ ಮಾತ್ರ ಗುರುತಿಲ್ಲದವರಂತೆ ಮುಖ ತಿರುಗಿಸುತ್ತದೆ. ಇದನ್ನೇ ಜನರು ವಾಸಿಯಾಯಿತೆಂದು ತಿಳಿದಿದ್ದರು. ಎರಡು ವರುಷ ಐದು ತಿಂಗಳ ಒಬ್ಬ ಹುಡುಗಿ ಸಣ್ಣ ಶಸ್ತ್ರಚಿಕಿತ್ಸೆಗೆಂದು ಎಂಟು ದಿವಸ ಆಸ್ಪತ್ರೆಯಲ್ಲಿದ್ದುದನ್ನು ರಾಬರ್ಟ್‌ಸನ್ ಚಲಚ್ಚಿತ್ರವಾಗಿ ತೆಗೆದು, 1952ರಲ್ಲಿ ವೈದ್ಯರ ಮುಂದೆ ತೋರಿಸಲು ಅವರಲ್ಲಿ ಅನೇಕರು ಸಿಟ್ಟುಗೊಂಡರು. ಆದರೂ 1959ರಲ್ಲಿ ಆ ದೇಶದ ಸರಕಾರ ನೇಮಿಸಿದ ಪ್ಲ್ಯಾಟ್ ಸಮಿತಿಯು, ತಂದೆತಾಯಿಗಳನ್ನು ಬೇಕಾದಾಗ ಒಳಗೆ ಬಿಡಬೇಕೆಂದೂ, ಎಳೆಯ ಮಗುವಿನೊಡನೆ ತಾಯಿಗೂ ಇರಲು ಸ್ಥಳ ಕೊಡಬೇಕೆಂದೂ ಬರೆಯಿತು.

ನಮ್ಮ ಹಳ್ಳಿಗಳಲ್ಲಿ ಮಗು ಆಸ್ಪತ್ರೆಗೆ ಸೇರಿದರೆ ತಾಯಿಯೋ ಅಜ್ಜಿಯೋ ಮಂಚದ ಕೆಳಗೆ ಚಾಪೆ ಹಾಸಿಕೊಂಡೇ ಇರುತ್ತಾರೆ. ಇದರಲ್ಲಿ ನಾವು ನಾಚತಕ್ಕದ್ದು ಏನೂ ಇಲ್ಲ. ನಮಗೆ ಕಷ್ಟ ಬರುವುದು ಬೇರೆ ಸಮಯದಲ್ಲಿ, ತಾಯಿ ಎರಡನೆಯ ಹೆರಿಗೆಗೆ ಹೋಗುವಾಗ. ಮೊದಲನೆಯ ಕೂಸಿಗೆ ಆಗ ಒಂದೂವರೆಯೋ ಎರಡೋ ವರುಷ. ಅಂಜಿಕೆ ಇನ್ನೂ ಇಳಿಯದ ಪ್ರಾಯ. ಇದೇ ಸಂಗತಿಯನ್ನು ರಾಬರ್ಟ್‌ಸನ್ನನೂ ಅವನ ಹೆಂಡತಿ ಜಾಯ್ಸಳೂ ಮುಂದೆ ಪರೀಕ್ಷಿಸಿದರು. ಹದಿನೇಳು ತಿಂಗಳ ಒಂದು ಗಂಡು ಕೂಸು, ತಾಯಿ ಹೆರಿಗೆಗೆ ಹೋದಾಗ, ಒಂಬತ್ತು ದಿವಸ ಶಿಶುಗೃಹದಲ್ಲಿತ್ತು. ದಾದಿಯರು ಒಳ್ಳೆಯವರೇ; ಆದರೆ ಇಂಥ ಕೂಸು ಇಂಥವಳದೆಂಬ ನೇಮವಿಲ್ಲದೆ, ಈಗ ಒಬ್ಬಳು, ಇನ್ನೊಂದು ಗಳಿಗೆಗೆ ಮತ್ತೊಬ್ಬಳು ಎತ್ತಿಕೊಳ್ಳುವಳು. ಕೂಸು ಒಬ್ಬೊಬ್ಬಳ ಬಳಿಗೂ ಹೋಗಿ ನೋಡಿ, ಕಡೆಗೆ ಬಟ್ಟೆಯ ಕರಡಿಗೊಂಬೆಯನ್ನು ಅಪ್ಪಿಕೊಂಡು ಬಿದ್ದಿತು. ಊಟ ಬಿಟ್ಟಿತು. ಒಂಬತ್ತನೆಯ ದಿವಸ ತಾಯಿ ಬಂದು ಎತ್ತಿಕೊಳ್ಳಲು ಚೀರಿ ಕೊಸರಿಕೊಂಡಿತು. ಸುಮಾರು ಅದೇ ಪ್ರಾಯದಿಂದ ಎರಡೂವರೆ ವರುಷದೊಳಗಿನ ಬೇರೆ ನಾಲ್ಕು ಮಕ್ಕಳನ್ನು ಜಾಯ್ಸಳು, ಒಂದೊಂದನ್ನಾಗಿ, ತನ್ನ ಮನೆಯಲ್ಲಿಯೇ ಇಟ್ಟುಕೊಂಡಳು. ಮೊದಲೇ ಅವರ ಪರಿಚಯ ಮಾಡಿಕೊಂಡು, ಏನು ತಿನ್ನುವರು, ಹೇಗೆ ಮಲಗುವರೆಂಬುದನ್ನು ತಾಯಿಯಿಂದ ಕೇಳಿ ತಿಳಿದು, ತಾಯಿಯ ಚಿತ್ರವನ್ನು ಹತ್ತಿರವಿಟ್ಟು, ತಾಯಿಯ ಮಾತನ್ನೆತ್ತುತ್ತಾ ನೋಡಿಕೊಂಡಳು. ಆ ಮಕ್ಕಳೂ ದುಃಖಪಟ್ಟರು, ಆದರೆ ಸೊರಗಲಿಲ್ಲ.

ಇದನ್ನು ನಮ್ಮ ಸಭೆಯವರು ಚೆನ್ನಾಗಿ ಗಮನಿಸಬೇಕೆಂದು ನಮ್ಮ ಅಪೇಕ್ಷೆ. ಯಾತಕ್ಕಂದರೆ ಒಬ್ಬ ಸಹೋದರಿ ಹೆರಿಗೆಗೋ ಕಾಯಿಲೆಗೋ ಊರು ಬಿಟ್ಟು ಹೋದರೆ, ಆಕೆಯ ಕೂಸನ್ನು ಇಂದು ಒಂದು ಮನೆ, ನಾಳೆ ಇನ್ನೊಂದು ಮನೆ ಎಂದು ಸರದಿಯ ಮೇಲೆ ನೋಡಿಕೊಳ್ಳುವ ಒಳ್ಳೆಯ ಪದ್ಧತಿ ಅನೇಕ ಕಡೆ ಉಂಟು. ಪ್ರೀತಿಯಿಂದಲೇ ಮಾಡುತ್ತಾರೆ, ಭಾರ ಒಬ್ಬರ ಮೇಲೆ ಬೀಳಬಾರದೆಂದು. ಆದರೂ ಆ ಕೂಸಿಗೆ ಇದು ದಿನಕ್ಕೊಮ್ಮೆ ಹೊಸ ಅಗಲಿಕೆಯಾಗುತ್ತದೆ. ಸರದಿಯನ್ನು ನೀರು ತರುವುದರಲ್ಲಿ, ಅಡಿಗೆಯಲ್ಲಿ, ದನಗಳ ಮೇವಿನಲ್ಲಿ ಇಟ್ಟುಕೊಳ್ಳಿರಿ. ಕೂಸು ಮಾತ್ರ ಒಬ್ಬಳ ಸೊಂಟದ ಮೇಲೆಯೇ ಇರಲಿ. ಅಜ್ಜಿಯೋ ಅತ್ತೆಯೋ ನೆರೆಯವಳೋ, ಹೆರಿಗೆಗೆ ತಿಂಗಳು ಮುಂಚಿನಿಂದ ಬಂದು ಹೋಗಿ ಕೂಸಿಗೆ ಉಣಿಸಿ ಮಲಗಿಸಿ ರೂಢಿ ಮಾಡಿಕೊಳ್ಳಲಿ. ತಾಯಿ ಉಟ್ಟು ಬಿಟ್ಟ ಸೀರೆಯನ್ನು ಒಗೆಯದೆ ಕೂಸಿನ ಹಾಸಿಗೆಯಲ್ಲಿಡಿರಿ. ದಿನಾಲು ಹೊದ್ದ ಕೌದಿಯನ್ನು ಬದಲಿಸಬೇಡಿರಿ. ತಂದೆಯು ಸಂಜೆ ತಪ್ಪದೆ ಬರಲಿ. (ಇಂಥ ಪಾಠ ಹೆಂಗಸರಿಗೆ ಸೇರಿದ್ದೆಂದು ಪುಟ ತಿರುಗಿಸುವ ಗಂಡಸರು ಈ ಒಂದು ಸಾಲನ್ನಾದರೂ ಓದಲಿ.)

ಇನ್ನು, ಕಣ್ಣು ತಪ್ಪಿಸಿ ಹಿತ್ತಿಲ ಬಾಗಿಲಿಂದ ಹೋಗುವ ರೂಢಿ. ಮಗುವಿಗೆ ಬೆಲ್ಲ ಕೊಟ್ಟು ಅತ್ತ ತಿರುಗಿಸಿ ಇತ್ತ ತಾಯಿಯನ್ನು ಕಳುಹಿಸಿಬಿಡುವರು. ಆ ಹೊತ್ತಿನ ಅಳು ತಪ್ಪುತ್ತದೆ, ನಿಜ. ಆದರೆ ಮರುದಿನದಿಂದ ತಾಯಿ ಅತ್ತಿತ್ತ ಅಲುಗಾಡಿದರೂ ಮಗು ಸೆರಗು ಬಿಡುವುದಿಲ್ಲ, ಯಾಕಂದರೆ ಆಕೆ ಯಾವ ಗಳಿಗೆಯಲ್ಲಿ ಮಾಯವಾಗುವಳೋ ಅದಕ್ಕೆ ತಿಳಿಯದು. ಹೋಗುವಾಗ ಹೇಳಿಯೇ ಹೋಗಬೇಕು. ಎರಡೇ ಮಾತಿನಲ್ಲಿ, ಹೊತ್ತು ಬೆಳೆಸದೆ. ಬರುವ ಸಮಯವನ್ನು ಮಗುವಿಗೆ ತಿಳಿಯುವ ಗುರುತಿನಿಂದ ಹೇಳಬೇಕು: ದನ ಕೊಟ್ಟಿಗೆಗೆ ಬರುವಾಗ, ದೀಪ ಹಚ್ಚುವಾಗ. ಹೇಳಿದ ಹೊತ್ತಿಗೆ ಬರಲೂ ಬೇಕು. ಮಾತು ಕೇಳದ ಮಗುವಿಗೆ, ನಿನ್ನನ್ನು ಬಿಟ್ಟು ಹೋಗುತ್ತೇನೆ, ಗುಮ್ಮನಿಗೆ ಕೊಡುತ್ತೇನೆ ಎಂದು ಬೆದರಿಸುವುದು ಇದಕ್ಕಿಂತಲೂ ಕೆಟ್ಟದ್ದು. ದೊಡ್ಡವರಿಗೆ ಅದು ಬಾಯಿಮಾತು, ಮಗುವಿಗೆ ಅಲ್ಲ.

ಮೂರು ವರುಷದ ಮಗುವನ್ನು ಅಂಗನವಾಡಿಗೆ ಕಳುಹಿಸುವಾಗಲೂ ಇದೇ ಕ್ರಮ. ಮೊದಲ ದಿವಸಗಳಲ್ಲಿ ತಾಯಿ ಸ್ವಲ್ಪ ಹೊತ್ತು ಕೂತಿದ್ದು, ದಿನದಿನಕ್ಕೆ ಆ ಹೊತ್ತನ್ನು ಕಡಿಮೆ ಮಾಡಲಿ. ಮೊದಮೊದಲು ಅಳುವ ಮಕ್ಕಳು ಬಹಳ. ಸಾಮಾನ್ಯವಾಗಿ ಕೆಲವು ವಾರಗಳೊಳಗೆ ಒಗ್ಗಿಕೊಳ್ಳುತ್ತಾರೆ. ಆದರೆ ಶಾಲೆಗೆ ಹೋಗುವ ಪ್ರಾಯದ ಮಗು ನಾಲ್ಕು ವಾರ ಕಳೆದರೂ ತಾಯಿಯನ್ನು ಬಿಡಲೊಲ್ಲದೆ, ಬೆಳಿಗ್ಗೆ ಶಾಲೆಯ ಹೊತ್ತಿಗೆ ಮಾತ್ರ ಹೊಟ್ಟೆನೋವು ತಲೆನೋವು ಎನ್ನುತ್ತಾ, ತಾಯಿಗೆ ಏನಾಗುವುದೋ ಎಂದು ರಾತ್ರಿ ಬೆಚ್ಚಿ ಏಳುತ್ತಿದ್ದರೆ, ಅದನ್ನು ಕಳ್ಳತನವೆಂದು ಹೊಡೆಯಬೇಡಿರಿ, ತಾಯಿತಿ ಕಟ್ಟಿಸಲೂ ಹೋಗಬೇಡಿರಿ. ವೈದ್ಯರಿಗೆ ತೋರಿಸಿರಿ. 2022ರಲ್ಲಿ ಕೇಂದ್ರ ಸರಕಾರದವರು ಆರಂಭಿಸಿದ ಟೆಲಿ ಮಾನಸ್ ಎಂಬ ದೂರವಾಣಿ ಸೇವೆಯಲ್ಲಿ, 14416ಕ್ಕೆ ಕರೆಮಾಡಿದರೆ, ಹಣವಿಲ್ಲದೆ ಕನ್ನಡದಲ್ಲಿಯೇ ಸಲಹೆ ಕೊಡುತ್ತಾರೆ.

ಹೆರಿಗೆಯಾಗಿ ತಾಯಿ ಮನೆಗೆ ಬರುವ ದಿವಸದ ವಿಷಯ ಒಂದು ಉಳಿದಿದೆ. ಹಿರಿಯ ಕೂಸು ಓಡಿ ಬಂದು ಅಪ್ಪಿಕೊಳ್ಳುವುದೆಂದು ಆಕೆ ನೆನಸಿರುತ್ತಾಳೆ. ಅದು ಅಜ್ಜಿಯ ಹಿಂದೆ ಅಡಗಬಹುದು, ತಾಯಿಯನ್ನು ಹೊಡೆಯಬಹುದು, ನಿಂತಿದ್ದ ಹಾಸಿಗೆ ಒದ್ದೆಮಾಡುವ ರೂಢಿ ಮತ್ತೆ ಬರಬಹುದು, ಮುಂದೆ ಕೆಲವು ವಾರ ಸೆರಗು ಬಿಡದೆ ತಿರುಗಬಹುದು. ಮರೆತದ್ದರಿಂದ ಹೀಗೆ ಮಾಡುವುದಲ್ಲ, ಮರೆಯದೆ ಇದ್ದುದರಿಂದಲೇ. ಆ ದಿವಸ ಎಳೆಗೂಸನ್ನು ಬೇರೊಬ್ಬರು ಎತ್ತಿಕೊಂಡು ಹಿಂದೆ ಬರಲಿ. ತಾಯಿ ಬರಿಗೈಯಲ್ಲಿ ಒಳಗೆ ಬಂದು, ನೆಲದ ಮೇಲೆ ಕೂತು, ಕರೆಯದೆ ಎಳೆಯದೆ ಹಿರಿಯ ಕೂಸು ತಾನಾಗಿ ಮಡಿಲಿಗೆ ಬರುವ ತನಕ ಕಾದಿರಲಿ.